80 ವ್ಯಾಟ್ ರಿಸೀವರ್, ಮೂರೂವರೆ ವರ್ಷ: ಡೈಲಾಗ್ ಕೇಳಿಸೋಕೆ ನಾನು ಪಟ್ಟ ಪಾಡು

ಡಬ್ಬಿ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟು ಬರೆದ ವಿಮರ್ಶೆ ಅಲ್ಲ ಇದು. 2021ರ ದೀಪಾವಳಿಗೆ ತಂದ ರಿಸೀವರ್, ಅಂದರೆ ಟಿವಿಯ ಸದ್ದನ್ನು ಹಿಗ್ಗಿಸಿ ಸ್ಪೀಕರ್‌ಗಳಿಗೆ ಹಂಚೋ ಪೆಟ್ಟಿಗೆ. ಮೂರೂವರೆ ವರ್ಷ ಬಳಸಿ, ನಡುವೆ ಒಂದು ಸಲ ಸ್ಪೀಕರ್ ಬದಲಾಯಿಸಿ, ಆ ಖರ್ಚಿಗೆ ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡು ಈಗ ಬರೆಯುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಈ ಬೆಲೆಯ ರಿಸೀವರ್‌ಗಳೆಲ್ಲ ಹೆಚ್ಚುಕಡಿಮೆ ಅಣ್ಣತಮ್ಮಂದಿರೇ. ತಪ್ಪಿದ್ದು ನಾನು ಕಟ್ಟಿದ ರಿಸೀವರ್-ಸ್ಪೀಕರ್ ಜೋಡಿಯಲ್ಲಿ.

ಮನೆ ಮೈಸೂರಿನಲ್ಲಿ. ಹಾಲ್ 12 ಅಡಿಗೆ 16 ಅಡಿ, ಕೆಳಗೆ ಟೈಲ್ಸ್, ಒಂದು ಕಡೆ ದೊಡ್ಡ ಕಿಟಕಿ. ಟಿವಿಯಿಂದ ಸೋಫಾಗೆ ಸುಮಾರು 3 ಮೀಟರ್. ಮೊದಲು ಇದ್ದದ್ದು '1000 ವ್ಯಾಟ್ ಪಿಎಂಪಿಒ' ಅಂತ ಸ್ಟಿಕ್ಕರ್ ಅಂಟಿಸಿದ ಸೆಟ್ಟು. ಪಿಎಂಪಿಒ ಅನ್ನೋದು ಬರೀ ಮಾರಾಟದ ಸಂಖ್ಯೆ, ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ, ಅದರ ಬಗ್ಗೆ ಇಷ್ಟು ಸಾಕು. ಅಮ್ಮ ಎರಡು ನಿಮಿಷಕ್ಕೊಂದು ಸಲ "ಏನಂದ ಅವನು?" ಅನ್ನೋರು. ನಾನು ವಾಲ್ಯೂಮ್ ಏರಿಸೋದು, ಅಷ್ಟರಲ್ಲಿ ಫೈಟ್ ಬರೋದು, ಒಳಗಿನಿಂದ ಹೆಂಡತಿ "ಮಗು ಮಲಗಿದೆ" ಅನ್ನೋದು, ನಾನು ಇಳಿಸೋದು. ಸಿನಿಮಾ ನೋಡಿದ್ದಕ್ಕಿಂತ ರಿಮೋಟ್ ಒತ್ತಿದ್ದೇ ಜಾಸ್ತಿ.

ಅಂಗಡಿಯವರು ಹೇಳಿದ್ದು ಒಂದೇ ಮಾತು: "ಸಾರ್, ವ್ಯಾಟ್ ಜಾಸ್ತಿ ಇದ್ರೆ ಡೈಲಾಗ್ ತಾನಾಗೇ ಕ್ಲಿಯರ್ ಬರುತ್ತೆ." ನಂಬಿದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 175 ವ್ಯಾಟ್ ಅಂತ ಇತ್ತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ಆ 175 ಅಳೆದಿರೋದು ಒಂದೇ ಚಾನೆಲ್‌ನಲ್ಲಿ (ಒಂದು ಸ್ಪೀಕರ್‌ಗೆ ಹೋಗೋ ದಾರಿ), 6 ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ), 1 ಕಿಲೋಹರ್ಟ್ಜ್ ಸದ್ದಿಗೆ, ಅದೂ 10% ಡಿಸ್ಟಾರ್ಷನ್, ಅಂದರೆ ಕೆಟ್ಟ ಸದ್ದು, ಸೇರಿಸಿ. ಸರಿಯಾಗಿ ಅಳೆದ ಲೆಕ್ಕ ಅದರ ಕೆಳಗಿನ ಸಾಲಿನಲ್ಲಿತ್ತು: 80 ವ್ಯಾಟ್, 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಓಡುವಾಗ. ಐದೂ ಚಾನೆಲ್ ಒಟ್ಟಿಗೆ ದುಡಿದರೆ ಅದೂ ಸಿಗೋದಿಲ್ಲ, ಎಲ್ಲಕ್ಕೂ ಇರೋದು ಒಂದೇ ಟ್ರಾನ್ಸ್‌ಫಾರ್ಮರ್ ಅಲ್ವಾ.

ಅದಕ್ಕೆ ನಾನು ಕಟ್ಟಿದ್ದು ನೋಡೋಕೆ ತುಂಬಾ ಚೆಂದ ಇದ್ದ ಎರಡು ಟವರ್ (ಎಡ-ಬಲಕ್ಕೆ ನಿಲ್ಲೋ ಉದ್ದ ಸ್ಪೀಕರ್), ಅದೇ ಸೀರೀಸ್‌ನ ಸೆಂಟರ್ (ನಡುವೆ ಇಡೋ, ಸಿನಿಮಾದ ಮಾತು ಬರೋ ಸ್ಪೀಕರ್). ಹಿಂದೆ ಬರೆದಿದ್ದು 4 ಓಮ್, ಸೆನ್ಸಿಟಿವಿಟಿ 85 ಡಿಬಿ (ಡೆಸಿಬೆಲ್, ಸದ್ದಿನ ಅಳತೆ). ಆಗ ಈ ಎರಡು ಸಂಖ್ಯೆಗಳ ಬೆಲೆ ನನಗೆ ಗೊತ್ತಿರಲಿಲ್ಲ. ಮೆದುವಾಗಿ ಹಾಡು ಕೇಳೋವಾಗ ಸೊಗಸು. ಸಿನಿಮಾ ಹಾಕಿ ಸ್ವಲ್ಪ ಏರಿಸಿದರೆ ಮಾತು ಒರಟಾಗೋದು. ಸ, ಶ ಬಂದಾಗಲೆಲ್ಲ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ. ಒಂದು ರಾತ್ರಿ ಹೀರೋನ ಅಪ್ಪ ತಲೆ ಮೇಲೆ ಕೈ ಹೊತ್ತು "ಎಲ್ಲಾ ಹಾಳಾಯ್ತು" ಅಂದರೆ ಅಮ್ಮ "ಹಾಲು ಏನಾಯ್ತಂತೆ?" ಅಂತ ಕೇಳಿದರು. ನಗು ಬಂತು, ಆದರೆ ಅವರ ಕಿವಿಯದು ತಪ್ಪಿರಲಿಲ್ಲ. ಮಾತು ಬಿಡಿಸಿ ಹೇಳೋದು ವ್ಯಂಜನಗಳು. ಅವುಗಳ ಗುರುತು ಹೆಚ್ಚಾಗಿ ಸಿಗೋದು 2ರಿಂದ 4 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ಅದೂ ಬಹಳ ಮೆದು ಸದ್ದಿನಲ್ಲಿ. ಅಲ್ಲಿ ಸ್ವಲ್ಪ ಕಸ ಬಿದ್ದರೂ ಸಾಕು, ಲ ಯಾವುದು, ಳ ಯಾವುದು ಗೊತ್ತಾಗೋದಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಕ್ಲೈಮ್ಯಾಕ್ಸ್‌ನಲ್ಲಿ ರಿಸೀವರ್ ಟಪ್ ಅಂತ ಆಫ್ ಆಯಿತು. ಕೆಂಪು ದೀಪ ಮಿಣಮಿಣ. ಪ್ರೊಟೆಕ್ಷನ್‌ಗೆ ಹೋಗಿತ್ತು, ಅಂದರೆ ಸುಟ್ಟುಹೋಗದ ಹಾಗೆ ತಾನೇ ಆಫ್ ಆಗಿತ್ತು. ಮೇಲೆ ಕೈ ಇಟ್ಟರೆ ದೋಸೆ ಹೆಂಚು.

ಅವತ್ತು ರಾತ್ರಿ ಪೇಪರ್ ಪೆನ್ ಹಿಡಿದು ಕೂತೆ. ಈ ವಿಮರ್ಶೆಯಲ್ಲಿ ಏನಾದರೂ ಕೆಲಸಕ್ಕೆ ಬರೋದಿದ್ದರೆ ಅದು ಈ ಲೆಕ್ಕ, ಸ್ವಲ್ಪ ತಾಳ್ಮೆಯಿಂದ ಓದಿ. ಸೆನ್ಸಿಟಿವಿಟಿ ಅಂದರೆ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಬರುತ್ತೆ ಅನ್ನೋದು. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. 4 ಓಮ್‌ಗೆ ಅದೇ ವೋಲ್ಟ್ ಕೊಟ್ಟರೆ 2 ವ್ಯಾಟ್ ಹೋಗುತ್ತೆ. ವ್ಯಾಟ್ ಎರಡು ಪಟ್ಟಾದರೆ ಸಿಗೋದು 3 ಡಿಬಿ. ಅಲ್ಲಿಗೆ ನನ್ನ ಚೆಂದದ ಸೆಂಟರ್‌ನದು ಒಂದು ವ್ಯಾಟಿಗೆ 85 ಅಲ್ಲ, 82 ಡಿಬಿ!

3 ಮೀಟರ್ ದೂರಕ್ಕೆ ಬಯಲಲ್ಲಾದರೆ ಒಂಬತ್ತೂವರೆ ಡಿಬಿ ಕಳೆದುಹೋಗುತ್ತೆ. ನಾಲ್ಕು ಗೋಡೆ ನಡುವೆ ಕಡಿಮೆ, ನಾನು 7 ಅಂತ ಹಿಡಿದೆ. ಅಂದರೆ ಸೋಫಾದಲ್ಲಿ ಒಂದು ವ್ಯಾಟಿಗೆ 75 ಡಿಬಿ. ನಮ್ಮನೆಯಲ್ಲಿ ಮಾತು ಕೇಳೋದು 70 ಡಿಬಿ ಸುತ್ತಮುತ್ತ, ಅದಕ್ಕೆ ಬೇಕಾಗೋದು ಒಂದು ವ್ಯಾಟ್‌ನ ಮೂರನೇ ಒಂದು ಭಾಗ. ಹೌದು, 80 ವ್ಯಾಟ್ ಮಷೀನು, ಡೈಲಾಗಿಗೆ ಅರ್ಧ ವ್ಯಾಟೂ ಬೇಡ. ಹಾಗಾದರೆ ತೊಂದರೆ ಎಲ್ಲಿ? ಸಿನಿಮಾದಲ್ಲಿ ಮಾತಿಗಿಂತ ಗದ್ದಲ 20-25 ಡಿಬಿ ಮೇಲಿರೋದು ಮಾಮೂಲು. ಪ್ರತಿ 10 ಡಿಬಿಗೆ ವ್ಯಾಟ್ ಹತ್ತು ಪಟ್ಟಾಗುತ್ತೆ, ಹಾಗಾಗಿ 20 ಡಿಬಿ ಮೇಲೆ ಹೋದರೆ 32 ವ್ಯಾಟ್. 25 ಮೇಲೆ ಹೋದರೆ 100 ವ್ಯಾಟ್, ಅದು ನನ್ನ ರಿಸೀವರ್ ಹತ್ತಿರ ಇಲ್ಲವೇ ಇಲ್ಲ. ಮಾತು ಕೇಳಿಸಲಿ ಅಂತ ನಾನು 5 ಡಿಬಿ ಏರಿಸಿದೆನೋ, ಗದ್ದಲವೂ 5 ಏರುತ್ತೆ, ಆಂಪ್ಲಿಫೈಯರ್ ಉಸಿರು ಕಟ್ಟುತ್ತೆ, ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗುತ್ತೆ. ಕ್ಲಿಪ್ಪಿಂಗ್ ಅನ್ನೋದು ಇದಕ್ಕೇ. ಗದ್ದಲದ ನಡುವೆ ಯಾರಾದರೂ ಕೂಗಿ ಹೇಳೋ ಮಾತು ಇದರಲ್ಲೇ ಚಿಂದಿಯಾಗೋದು.

ಇದಕ್ಕೆ ಎರಡು ದಾರಿ. ದೊಡ್ಡ ಪವರ್ ಆಂಪ್ಲಿಫೈಯರ್ ತರೋದು, ಇಲ್ಲ ಸ್ಪೀಕರ್ ಬದಲಾಯಿಸೋದು. ನನ್ನ ರಿಸೀವರ್‌ಗೆ ಪ್ರಿ-ಔಟ್, ಅಂದರೆ ಬೇರೆ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡೋ ಸಾಕೆಟ್, ಇಲ್ಲ, ಮೊದಲ ದಾರಿ ಅಲ್ಲೇ ಮುಚ್ಚಿತು. (ಕೊಳ್ಳೋ ಮುಂಚೆ ಹಿಂಬದಿ ನೋಡಿ. ಪ್ರಿ-ಔಟ್ ಇದ್ದರೆ ಮುಂದೆ ಆಂಪ್ಲಿಫೈಯರ್ ಸೇರಿಸಬಹುದು.) ಟವರ್ ಮತ್ತು ಸೆಂಟರ್ ಮಾರಿ, 8 ಓಮ್, 90 ಡಿಬಿಯ ಮೂರು ಸ್ಪೀಕರ್ ತಂದೆ. ನೋಡೋಕೆ ಸುಮಾರು, ಸ್ವಲ್ಪ ಹಳೇ ಕಾಲದ ಪೆಟ್ಟಿಗೆ ತರ. ಆದರೆ ವ್ಯಾಟಿಗೆ 82ರಿಂದ 90 ಅಂದರೆ 8 ಡಿಬಿ, ಅಂದರೆ ಸುಮಾರು ಆರು ಪಟ್ಟು ವ್ಯಾಟ್ ಬಿಟ್ಟಿ ಸಿಕ್ಕ ಹಾಗೆ. ಮೊದಲು 100 ವ್ಯಾಟ್ ಕೇಳುತ್ತಿದ್ದ ಜಾಗದಲ್ಲಿ ಈಗ 16 ಸಾಕು. ರಿಸೀವರ್ ಅದೇ. ಮೂರು ಬೇಸಿಗೆ ಕಳೆದಿದೆ, ಒಂದು ಸಲವೂ ಆಫ್ ಆಗಿಲ್ಲ.

ಸ್ಪೀಕರ್ ಮೇಲೆ '20-150 ವ್ಯಾಟ್' ಅಂತ ಇದ್ದರೆ 150 ವ್ಯಾಟ್ ಕೊಡಲೇಬೇಕು ಅಂತ ಅರ್ಥ ಅಲ್ಲ, ಸುಮ್ನೆ ಹೆದರಬೇಡಿ. ಅದು ತಡೆದುಕೊಳ್ಳೋ ಮಿತಿ. ನಿಜವಾಗಿ ಹೆದರಬೇಕಾದ್ದು ಸಣ್ಣ ಆಂಪ್ಲಿಫೈಯರನ್ನು ಮಿತಿ ಮೀರಿ ತಿರುಗಿಸೋದಕ್ಕೆ, ಹಾಗೆ ಕ್ಲಿಪ್ ಆದಾಗ ಮೊದಲು ಸುಡೋದು ಟ್ವೀಟರ್, ಸ್ಪೀಕರ್ ಒಳಗೆ ಕೀಚಲು ಸದ್ದು ಕೊಡೋ ಸಣ್ಣ ಭಾಗ. ಇನ್ನೊಂದು, ಕೆಲವು ರಿಸೀವರ್‌ಗಳಲ್ಲಿ 4 ಓಮ್‌ಗೆ ಅಂತ ಒಂದು ಸೆಟ್ಟಿಂಗ್ ಇರುತ್ತೆ. ಅದು ಶಕ್ತಿ ಜಾಸ್ತಿ ಕೊಡೋದಲ್ಲ. ಬಿಸಿ ಆಗದ ಹಾಗೆ ಒಳಗಿನ ವೋಲ್ಟೇಜ್ ಇಳಿಸಿ ಕೈಕಟ್ಟೋದು.

ಜೋಡಿ ಸರಿಯಾದ ಮೇಲೂ ಅಮ್ಮನ "ಏನಂದ?" ಪೂರ್ತಿ ನಿಂತಿರಲಿಲ್ಲ. ಮೈಕ್ ಇಟ್ಟು ಆಟೋ ಸೆಟಪ್ (ರಿಸೀವರ್ ತಾನೇ ಸ್ಪೀಕರ್ ಅಳೆದು ಹೊಂದಿಸಿಕೊಳ್ಳೋದು) ಓಡಿಸಿದರೆ ರಿಸೀವರ್ ಮುಂದಿನ ಮೂರಕ್ಕೂ 'ಲಾರ್ಜ್' ಅಂತ ಹಾಕಿಕೊಂಡಿತ್ತು. ಅಂದರೆ ಗುಡುಗಿನ ಬೇಸ್ ಕೂಡ ಅದೇ 80 ವ್ಯಾಟಿನ ತಲೆ ಮೇಲೆ. 'ಸ್ಮಾಲ್' ಮಾಡಿ ಕ್ರಾಸ್ಓವರ್, ಅಂದರೆ ಬೇಸ್ ಬೇರೆಯಾಗೋ ಗೆರೆ, 80 ಹರ್ಟ್ಜ್‌ಗೆ ಇಟ್ಟೆ. ಕೆಳಗಿನದೆಲ್ಲ ಸಬ್‌ವೂಫರ್‌ಗೆ (ಬೇಸ್‌ಗೇ ಅಂತ ಇರೋ ಪೆಟ್ಟಿಗೆ) ಹೋಯಿತು, ಅದಕ್ಕೆ ಅದರದ್ದೇ ಆಂಪ್ಲಿಫೈಯರ್ ಇದೆ. 120 ಇಟ್ಟು ನೋಡಿದೆ, ಗಂಡಸರ ದನಿಯ ಬುಡ 100 ಹರ್ಟ್ಜ್ ಹತ್ತಿರ ಇರೋದರಿಂದ ಹೀರೋ ಮೂಲೆಯ ಸಬ್‌ವೂಫರ್ ಒಳಗೆ ಕೂತು ಮಾತಾಡಿದ ಹಾಗೆ ಆಯಿತು. ಮತ್ತೆ 80.

ಸೆಂಟರ್ ಲೆವೆಲ್ ಮೊದಲು ಆಸೆಗೆ ಬಿದ್ದು 6 ಡಿಬಿ ಏರಿಸಿದ್ದೆ. ಜಾತ್ರೆಯಲ್ಲಿ ಮೈಕ್ ಹಿಡಿದು ಕಳೆದುಹೋದ ಮಕ್ಕಳ ಹೆಸರು ಕೂಗಿದ ಹಾಗೆ ಕೇಳಿಸಿತು. ಈಗ ಎರಡೂವರೆ ಡಿಬಿ ಜಾಸ್ತಿ ಇದೆ. ಇಷ್ಟಕ್ಕೆ ಒಟ್ಟು ವಾಲ್ಯೂಮ್ ಏರಿಸೋ ಅಗತ್ಯವೇ ಬೀಳೋದಿಲ್ಲ, ಗದ್ದಲ ಇದ್ದಲ್ಲೇ ಇರುತ್ತೆ. ಸೆಂಟರ್ ಸ್ಪೀಕರ್ ಶೆಲ್ಫ್ ಒಳಗೆ ಅರ್ಧ ಅಡಿ ಹಿಂದೆ ಕೂತಿತ್ತು. ಅಂಚಿಗೆ ಎಳೆದು, ಮುಂದಿನ ತುದಿಯ ಕೆಳಗೆ ಬಾಗಿಲಿಗೆ ಇಡೋ ರಬ್ಬರ್ ಸ್ಟಾಪರ್ ತುರುಕಿ ಕಿವಿ ಕಡೆ ಮುಖ ಎತ್ತಿಸಿದೆ. ಖರ್ಚು 40 ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫರಕು ಇನ್ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಟೈಲ್ಸ್ ಮೇಲೆ ಅತ್ತೆ ಮನೆಯಿಂದ ಬಂದ ನವಲಗುಂದದ ಜಮಖಾನ ಎರಡು ಮಡಿಕೆ ಮಾಡಿ ಹಾಸಿದೆ. ಹತ್ತಿಯದು, ತೆಳು, ಪವಾಡ ಏನೂ ಆಗಲಿಲ್ಲ, ಆದರೆ ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಿಂಗ್ ಅನ್ನೋ ಮಾರ್ದನಿ ಕಡಿಮೆಯಾಯಿತು.

ಇನ್ನು ನನ್ನ ದಡ್ಡತನ. ಎರಡು ತಿಂಗಳು ಅಮ್ಮನ ಧಾರಾವಾಹಿಗೆ ಅಂತ ಸೆಂಟರ್ ಏರಿಸಿ ಇಳಿಸಿ ಮಾಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಕೊನೆಗೊಂದು ದಿನ ಸೆಂಟರ್‌ಗೆ ಕಿವಿ ಹಚ್ಚಿದೆ. ಸದ್ದೇ ಇಲ್ಲ! ರಿಸೀವರ್ 'ಸ್ಟೀರಿಯೊ' ಮೋಡ್‌ನಲ್ಲಿತ್ತು, ಧಾರಾವಾಹಿಯೂ ಎರಡೇ ಚಾನೆಲ್, ಮಾತೆಲ್ಲ ಬರ್ತಿದ್ದದ್ದು ಎಡ-ಬಲದಿಂದ. ಎರಡು ಚಾನೆಲ್ ಸದ್ದನ್ನು ಎಲ್ಲ ಸ್ಪೀಕರ್‌ಗೂ ಹಂಚೋ 'ಡಾಲ್ಬಿ ಸರೌಂಡ್' ಮೋಡ್‌ಗೆ ಹಾಕಿದ ತಕ್ಷಣ ಮಾತು ನಡುವಿಗೆ ಬಂತು. ಓಟಿಟಿಯಲ್ಲೂ ಇದೇ ಕತೆ. ಟಿವಿಯ ಡಿಜಿಟಲ್ ಆಡಿಯೊ ಔಟ್ 'ಪಿಸಿಎಂ' ಅಂತ ಇದ್ದದ್ದಕ್ಕೆ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸಿನಿಮಾ ಕೂಡ ಎರಡು ಚಾನೆಲ್ ಆಗಿ ಬರ್ತಿತ್ತು. 'ಬಿಟ್‌ಸ್ಟ್ರೀಮ್' (ಟಿವಿ ಬಿಚ್ಚದೆ ಸದ್ದನ್ನು ಹಾಗೇ ರಿಸೀವರ್‌ಗೆ ಕಳಿಸೋದು) ಮಾಡಿದೆ, ರಿಸೀವರ್ ಪರದೆಯಲ್ಲಿ ಡಾಲ್ಬಿ ಹೆಸರು ಬಂತು. ಹೊಸ ಸ್ಪೀಕರ್ ಕೊಳ್ಳೋ ಮುಂಚೆ ದಯವಿಟ್ಟು ಇದೊಂದು ನೋಡಿ. ನನಗೆ ಯಾರೂ ಹೇಳಲಿಲ್ಲ.

ವೈರ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದ್ದೇನೆ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಬೇಡ. ಕೆಂಪು-ಕಪ್ಪು ಅದಲು ಬದಲಾದರೆ ಸದ್ದು ಟೊಳ್ಳಾಗುತ್ತೆ, ಅಷ್ಟೇ ಎಚ್ಚರ.

ಮೂರೂವರೆ ವರ್ಷದ ಸವೆತ ಹೇಳಬೇಕಂದ್ರೆ, ಎರಡನೇ ವರ್ಷ ಒಂದು ಎಚ್‌ಡಿಎಂಐ ಪೋರ್ಟ್ ಮೌನವ್ರತ ಹಿಡಿಯಿತು, ವಾರಂಟಿ ಮುಗಿದ ಮೇಲೆ, ಇನ್ನೇನು. ಉಳಿದ ಪೋರ್ಟ್‌ನಲ್ಲಿ ಬದುಕು ಸಾಗಿದೆ. ಮೇಲೆ 4 ಇಂಚು ಜಾಗ ಬಿಟ್ಟಿದ್ದೇನೆ, ಬೆಚ್ಚಗಿರುತ್ತೆ ಅಂತ ಹಲ್ಲಿ ಬಂದು ಮಲಗುತ್ತೆ, ತಿಂಗಳಿಗೊಮ್ಮೆ ಅದನ್ನು ಓಡಿಸಿ ಧೂಳು ಒರೆಸಬೇಕು. ಸದ್ದಿಲ್ಲದೆ ಸುಮ್ಮನೆ ಆನ್ ಇದ್ದರೂ 45 ವ್ಯಾಟ್ ತಿನ್ನುತ್ತೆ, ಪ್ಲಗ್ ಮೀಟರ್ ಹಾಕಿ ನೋಡಿದ್ದೇನೆ. ರಾತ್ರಿ ಹತ್ತರ ಮೇಲೆ ನೈಟ್ ಮೋಡ್, ಅದು ಗದ್ದಲ ತಗ್ಗಿಸಿ ಮೆದು ಮಾತು ಎತ್ತುತ್ತೆ. ಹಾಡಿನ ಜೀವ ಹೋಗುತ್ತೆ, ಆದರೆ ಮಗು ಏಳೋದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಪೋರ್ಟ್‌ಗೆ, ಮತ್ತೆ 175 ಅಂತ ದಪ್ಪಗೆ ಬರೆದಿದ್ದಕ್ಕೆ. ಬಗೆಹರಿಯದೆ ಉಳಿದಿರೋದು ಒಂದೇ, ಏಪ್ರಿಲ್‌ನಲ್ಲಿ ಸೀಲಿಂಗ್ ಫ್ಯಾನ್ 5ರಲ್ಲಿ ತಿರುಗುವಾಗ ಮೆದು ಮಾತು ಅದರ ಗಾಳಿಯಲ್ಲಿ ಮುಳುಗುತ್ತೆ. ಅಮ್ಮನಿಗೆ ಫ್ಯಾನೂ ಬೇಕು, ಡೈಲಾಗೂ ಬೇಕು. ಅದಕ್ಕೇ ಯುಗಾದಿ ಕಳೆದ ಮೇಲೆ ಸೆಂಟರ್ ಇನ್ನೊಂದು ಒಂದೂವರೆ ಡಿಬಿ ಏರಿಸ್ತೀನಿ, ಮಳೆ ಹಿಡಿದ ಮೇಲೆ ಮತ್ತೆ ಇಳಿಸ್ತೀನಿ.