ಬ್ರಿಟನ್‌ನಲ್ಲಿ ಗ್ಯಾಸ್, ಕರೆಂಟ್ ಕಂಪನಿ ಬದಲಿಸುವ ಮುಂಚೆ: ದರ ಹೋಲಿಸುವ ಸೈಟ್‌ಗಳನ್ನು ಏಳು ವರ್ಷ ಬಳಸಿದ ಮೇಲೆ

ಈ ಸೈಟ್‌ಗಳಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕೊಡದೆ ಉಳಿಸಿಕೊಂಡ ಆ ಒಂದು ಸ್ಟಾರ್ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ. ಹೊಸಬರು ದುಡ್ಡು ಕಳೆದುಕೊಳ್ಳುವುದು ಅಲ್ಲೇ.

2018ರ ಕೊನೆಯಲ್ಲಿ ಮೊದಲ ಸಲ ಸೈಟ್‌ನಲ್ಲಿ ದರ ನೋಡಿ ಕಂಪನಿ ಬದಲಿಸಿದೆ. ಆಮೇಲೆ ಇಲ್ಲಿಯವರೆಗೆ ಇನ್ನೂ ಮೂರು ಸಲ ನಾನಾಗಿಯೇ ಬದಲಿಸಿದ್ದೇನೆ. ನಡುವೆ ಒಂದು ಸಲ ಕಂಪನಿಯೇ ಬಾಗಿಲು ಹಾಕಿ, ನಾವು ಬೇರೆಯವರ ಕೈಗೆ ಹೋದೆವು. ಇಷ್ಟೂ ವರ್ಷ ಅದೇ ಮನೆ, ಇಬ್ಬರೇ ಇರುವುದು, ಗ್ಯಾಸ್ ಬಾಯ್ಲರ್. ಹಾಗಾಗಿ ಒಂದು ವರ್ಷದ ಬಿಲ್ಲನ್ನು ಇನ್ನೊಂದು ವರ್ಷದ ಬಿಲ್ಲಿನ ಪಕ್ಕ ಇಟ್ಟು ನೋಡೋಕೆ ಸುಲಭ ಆಯಿತು.

ಮೊದಲ ಸಲ ನಾನು ನೋಡಿದ್ದು ತಿಂಗಳ ಡೈರೆಕ್ಟ್ ಡೆಬಿಟ್, ಅಂದರೆ ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗೋ ಕಂತು ಮಾತ್ರ. ಸೈಟ್ ಕೇಳಿತು, ತಿಂಗಳಿಗೆ ಎಷ್ಟು ಕಟ್ಟುತ್ತೀರಿ ಅಂತ. 95 ಪೌಂಡ್ ಅಂತ ಹಾಕಿದೆ. ಇನ್ನೊಂದು ಕಂಪನಿ 78 ಅಂತ ತೋರಿಸಿತು, ಖುಷಿಯಿಂದ ಒತ್ತಿಬಿಟ್ಟೆ. ಚಳಿಗಾಲ ಮುಗಿಯೋ ಹೊತ್ತಿಗೆ ಹೊಸ ಕಂಪನಿಯವರು ನಿಜವಾದ ರೀಡಿಂಗ್ ನೋಡಿ ತಿಂಗಳ ಕಂತನ್ನು 101ಕ್ಕೆ ಏರಿಸಿದರು. ಅವರದು ಮೋಸ ಅಲ್ಲ. ತಿಂಗಳಿಗೆ ಕಟ್ಟೋ ದುಡ್ಡು ದರ ಅಲ್ಲ, ಅದು ಕಂಪನಿಯ ಅಂದಾಜು ಅಷ್ಟೇ. ನೀವು ಕಡಿಮೆ ಕಟ್ಟಿದರೆ ಸಾಲ ಬೆಳೆಯುತ್ತೆ, ಜಾಸ್ತಿ ಕಟ್ಟಿದರೆ ನಿಮ್ಮ ದುಡ್ಡು ಅವರ ಹತ್ತಿರ ಕೂತಿರುತ್ತೆ.

ಆವತ್ತಿಂದ ನಾನು ಸೈಟ್‌ಗೆ ಪೌಂಡ್ ಲೆಕ್ಕ ಕೊಡೋದೇ ಇಲ್ಲ. ವರ್ಷಕ್ಕೆ ಎಷ್ಟು ಯೂನಿಟ್, ಅಂದರೆ ಎಷ್ಟು ಕಿಲೋವ್ಯಾಟ್ ಅವರ್, ಅದನ್ನೇ ಕೊಡೋದು. ಬಿಲ್ಲಿನಲ್ಲಿ ಕಳೆದ 12 ತಿಂಗಳ ಬಳಕೆ ಅಂತ ಒಂದು ಸಾಲು ಇರುತ್ತೆ, ಕರೆಂಟಿಗೆ ಬೇರೆ, ಗ್ಯಾಸಿಗೆ ಬೇರೆ. ನಮ್ಮನೆಯದು ಕರೆಂಟ್ 1,900 ಯೂನಿಟ್, ಗ್ಯಾಸ್ 8,600 ಯೂನಿಟ್ ಆಸುಪಾಸು. ಇದನ್ನು ಕೊಡದೇ ಹೋದರೆ ಸೈಟ್ ತಾನೇ ಏನೋ ಒಂದು ಊಹಿಸುತ್ತೆ, ಎಷ್ಟು ಜನ, ಎಷ್ಟು ಬೆಡ್‌ರೂಮ್ ಅಂತ ಕೇಳಿ. ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರ ಅಕ್ಟೋಬರ್‌ನಿಂದ ಸಾಮಾನ್ಯ ಮನೆಗೆ ಇಟ್ಟುಕೊಂಡ ಲೆಕ್ಕ ಕರೆಂಟ್ 2,700, ಗ್ಯಾಸ್ 11,500. ನಮಗೂ ಅದಕ್ಕೂ ಎಷ್ಟು ದೂರ ನೋಡಿ. ಆ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೆ ಬಂದ ಟ್ಯಾರಿಫ್ (ಕಂಪನಿಯ ದರದ ಪ್ಲಾನ್) ನಮ್ಮ ಲೆಕ್ಕ ಹಾಕಿದಾಗ ನಾಲ್ಕನೇ ಸ್ಥಾನಕ್ಕೆ ಇಳಿದಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಯಾಕೆ ಹಾಗಾಗುತ್ತೆ ಅಂದರೆ ಸ್ಟ್ಯಾಂಡಿಂಗ್ ಚಾರ್ಜ್. ಸ್ವಿಚ್ ಹಾಕಿದರೂ ಹಾಕದಿದ್ದರೂ ದಿನಾ ಬೀಳೋ ದುಡ್ಡು ಅದು. ಜುಲೈನಲ್ಲಿ ಹೀಟಿಂಗ್ ಪೂರ್ತಿ ಬಂದ್ ಇದ್ದರೂ ಗ್ಯಾಸಿಗೆ ಅದು ಬೀಳುತ್ತಲೇ ಇರುತ್ತೆ. ಒಂದು ಉದಾಹರಣೆ ಕೊಡುತ್ತೇನೆ, ಪೆನ್ ಹಿಡಿದು ನೀವೂ ಮಾಡಿ. ಒಂದು ಕರೆಂಟ್ ಟ್ಯಾರಿಫ್‌ನಲ್ಲಿ ದಿನಕ್ಕೆ 60 ಪೆನ್ಸ್, ಯೂನಿಟ್‌ಗೆ 24 ಪೆನ್ಸ್. ಇನ್ನೊಂದರಲ್ಲಿ ದಿನಕ್ಕೆ 40 ಪೆನ್ಸ್, ಯೂನಿಟ್‌ಗೆ 27 ಪೆನ್ಸ್. ಮೇಲ್ನೋಟಕ್ಕೆ 24 ಕಡಿಮೆ ಅನ್ಸುತ್ತೆ ಅಲ್ವಾ? ನಮ್ಮ 1,900 ಯೂನಿಟ್‌ಗೆ ಮೊದಲನೆಯದು ವರ್ಷಕ್ಕೆ 675 ಪೌಂಡ್, ಎರಡನೆಯದು 659. ಅದೇ 3,500 ಯೂನಿಟ್ ಬಳಸೋ ಮನೆಗೆ ಮೊದಲನೆಯದು 1,059, ಎರಡನೆಯದು 1,091. ಇವೆರಡರ ನಡುವಿನ ಗಡಿ ಸುಮಾರು 2,430 ಯೂನಿಟ್. ಅದಕ್ಕಿಂತ ಕಡಿಮೆ ಬಳಸುವವರಿಗೆ ಒಂದು ಲಾಭ, ಜಾಸ್ತಿ ಬಳಸುವವರಿಗೆ ಇನ್ನೊಂದು. ಪಕ್ಕದ ಮನೆಯವರು ಹೇಳಿದ ಟ್ಯಾರಿಫ್ ನಿಮಗೆ ಸರಿ ಹೋಗದೇ ಇರೋದಕ್ಕೆ ಇದೇ ಕಾರಣ. ಅವರ ತಪ್ಪೇನೂ ಇಲ್ಲ, ಅವರ ಮನೆಯ ಲೆಕ್ಕ ಬೇರೆ. ದರ ಪ್ರದೇಶದಿಂದ ಪ್ರದೇಶಕ್ಕೂ ಬದಲಾಗುತ್ತೆ, ಕರೆಂಟ್ ಹಂಚಿಕೆಗೆ 14 ಪ್ರದೇಶಗಳಿವೆ. ಬೇರೆ ಊರಲ್ಲಿರುವ ಗೆಳೆಯರ ಬಿಲ್ ನೋಡಿ ತೀರ್ಮಾನ ಮಾಡಬೇಡಿ, ನಿಮ್ಮ ಪೋಸ್ಟ್‌ಕೋಡ್ ಹಾಕಿಯೇ ನೋಡಿ.

ಪ್ರೈಸ್ ಕ್ಯಾಪ್, ಅಂದರೆ ಆಫ್‌ಜೆಮ್ ದರಕ್ಕೆ ಹಾಕೋ ಮಿತಿ, ಅದರ ಬಗ್ಗೆಯೂ ಒಂದು ಮಾತು. 2019ರ ಜನವರಿಯಲ್ಲಿ ಶುರುವಾಗಿದ್ದು, ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ. ಸುದ್ದಿಯಲ್ಲಿ ಬರೋ ದೊಡ್ಡ ಅಂಕಿ ನಿಮ್ಮ ಬಿಲ್ಲಿನ ಗರಿಷ್ಠ ಮಿತಿ ಅಲ್ಲ. ಮಿತಿ ಇರೋದು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜ್‌ಗೆ. ಜಾಸ್ತಿ ಬಳಸಿದರೆ ಜಾಸ್ತಿ ಕಟ್ಟಲೇಬೇಕು. ನನಗೆ ಗೊತ್ತಿರೋ ಎಷ್ಟೋ ಜನ ಇನ್ನೂ ಇದನ್ನು ತಪ್ಪು ತಿಳಿದಿದ್ದಾರೆ, ಅದಕ್ಕೇ ಹೇಳಿದೆ.

ಇನ್ನು ಸೈಟ್‌ಗಳ ಬಗ್ಗೆ ನನ್ನ ದೂರು. ಕಂಪನಿ ಬದಲಿಸಿದರೆ ಅವರಿಗೆ ಕಮಿಷನ್ ಬರುತ್ತೆ, ಅದು ಸರಿ, ಅವರೂ ಬದುಕಬೇಕು. ಆದರೆ ನಾನು ಬಳಸಿದ ಒಂದು ಸೈಟ್ ಮೊದಲಿಗೆ ತನ್ನ ಮೂಲಕ ಬದಲಿಸಬಹುದಾದ ಟ್ಯಾರಿಫ್‌ಗಳನ್ನು ಮಾತ್ರ ತೋರಿಸುತ್ತಿತ್ತು. ಎಲ್ಲವನ್ನೂ ತೋರಿಸು ಅನ್ನೋ ಆಯ್ಕೆ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ. ಅದನ್ನು ಒತ್ತಿದ ಮೇಲೆ ಎರಡು ಹೊಸ ಟ್ಯಾರಿಫ್ ಮೇಲೆ ಬಂದವು. ಇನ್ನೊಂದು ತೊಂದರೆ, ದೊಡ್ಡದಾಗಿ ಬರೆಯೋ ಉಳಿತಾಯದ ಅಂಕಿ. 2019ರಲ್ಲಿ ನನ್ನ ಫಿಕ್ಸ್ಡ್ ಟ್ಯಾರಿಫ್ (ಗೊತ್ತಾದ ಅವಧಿವರೆಗೆ ದರ ಬದಲಾಗದ ಪ್ಲಾನ್) ಮುಗಿಯೋಕೆ ಎರಡು ತಿಂಗಳು ಇತ್ತು. ವರ್ಷಕ್ಕೆ 210 ಪೌಂಡ್ ಉಳಿತಾಯ ಅಂತ ತೋರಿಸಿತು. ಬಿಡಿಸಿ ನೋಡಿದರೆ, ಉಳಿದ ಹತ್ತು ತಿಂಗಳು ನಾನು ಸುಮ್ನೆ ಕೂತು ಕಂಪನಿಯ ದುಬಾರಿ ಸ್ಟ್ಯಾಂಡರ್ಡ್ ದರ ಕಟ್ಟುತ್ತೇನೆ ಅಂತ ಲೆಕ್ಕ ಹಿಡಿದಿದ್ದರು. ನಾನು ಆಗ ಕಟ್ಟುತ್ತಿದ್ದ ದರಕ್ಕೆ ಹೋಲಿಸಿದರೆ ಉಳಿತಾಯ ಬರೀ 40 ಪೌಂಡ್. ಹಾಗಾಗಿ ಉಳಿತಾಯದ ಅಂಕಿ ನೋಡಲೇಬೇಡಿ, ವರ್ಷದ ಒಟ್ಟು ಖರ್ಚು ನೋಡಿ. ಮತ್ತೆ, ಎರಡು ಕಡೆಯ ದರ ಹೋಲಿಸುವಾಗ ಎರಡರಲ್ಲೂ 5% ವ್ಯಾಟ್ ಸೇರಿದೆಯಾ ಅಂತ ನೋಡಿಕೊಳ್ಳಿ. ನನ್ನ ಒಂದು ಬಿಲ್ಲಿನಲ್ಲಿ ದರ ವ್ಯಾಟ್ ಬಿಟ್ಟು ಇತ್ತು, ಸೈಟ್‌ನಲ್ಲಿ ಸೇರಿಸಿ ಇತ್ತು.

2021ರಲ್ಲಿ ನಮ್ಮ ಕಂಪನಿ ಮುಚ್ಚಿತು. ಆ ಹೊತ್ತಲ್ಲಿ ದೇಶದಲ್ಲಿ ಸುಮಾರು 30 ಕಂಪನಿ ಮುಳುಗಿದವು. ಗ್ಯಾಸ್, ಕರೆಂಟ್ ಒಂದು ಕ್ಷಣವೂ ನಿಲ್ಲಲಿಲ್ಲ, ಆಫ್‌ಜೆಮ್ ಬೇರೆ ಕಂಪನಿಗೆ ಒಪ್ಪಿಸಿತು. ನಮ್ಮ ಖಾತೆಯಲ್ಲಿದ್ದ 140 ಪೌಂಡ್ ತಡವಾದರೂ ಪೂರ್ತಿ ಬಂತು. ಹೋಗಿದ್ದು ಫಿಕ್ಸ್ಡ್ ದರ ಮಾತ್ರ. ಆಮೇಲೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹೋಲಿಸೋ ಸೈಟ್‌ಗಳಲ್ಲಿ ನೋಡೋಕೆ ಏನೂ ಇರಲಿಲ್ಲ, ಕ್ಯಾಪ್‌ಗಿಂತ ಕಡಿಮೆ ದರ ಯಾರೂ ಕೊಡುತ್ತಿರಲಿಲ್ಲ. ಆಗ ಸುಮ್ಮನಿದ್ದದ್ದೇ ಸರಿಯಾಯಿತು.

ನನಗೆ ನಿಜಕ್ಕೂ ನೋವಾಗಿದ್ದು 2023ರಲ್ಲಿ. ಆ ವಸಂತದಲ್ಲಿ ಹಳೆಯ ಗ್ಯಾಸ್ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕಿದ್ದರು. ಅಕ್ಟೋಬರ್‌ನಲ್ಲಿ ಕಂಪನಿ ಬದಲಿಸಿದೆ. ಬದಲಾವಣೆ ಐದು ಕೆಲಸದ ದಿನದಲ್ಲಿ ಆಯಿತು, 2022ರ ಜುಲೈಯಿಂದ ಅದೇ ನಿಯಮ. ನವೆಂಬರ್ ಬಿಲ್ ಬಂತು. ಗ್ಯಾಸ್ 1,905 ಯೂನಿಟ್! ಫೋನ್ ಮಾಡಿದೆ. ಆ ಕಡೆಯವರು ಮೆತ್ತಗೇ ಹೇಳಿದರು, "ಚಳಿ ಜಾಸ್ತಿ ಆಯ್ತಲ್ಲ, ಹೀಟಿಂಗ್ ಜಾಸ್ತಿ ಹಾಕಿರಬೇಕು ನೋಡಿ." ನಾವು ಹಾಕಿರಲಿಲ್ಲ. ಹಾಕೋಕೆ ಹೆದರಿ ಮನೆಯೊಳಗೇ ಸ್ವೆಟರ್ ಹಾಕಿಕೊಂಡು ಕೂತಿದ್ದೆವು.

ರಾತ್ರಿ ಮೆಟ್ಟಿಲ ಕೆಳಗಿನ ಕಪಾಟು ತೆಗೆದು, ಫೋನಿನ ಟಾರ್ಚ್ ಹಿಡಿದು ಮೀಟರ್ ಮುಂದೆ ಮಂಡಿಯೂರಿ ಕೂತೆ. ಅಂಕಿಗಳು ಬಿಲ್ಲಿಗೆ ಸರಿಯಾಗಿಯೇ ಹೊಂದುತ್ತಿದ್ದವು, ತಿಂಗಳಲ್ಲಿ 60 ಏರಿತ್ತು. ಆಮೇಲೆ ಅಂಕಿಯ ಪಕ್ಕ ಇದ್ದ ಪುಟ್ಟ ಗುರುತು ನೋಡಿದೆ. ಘನ ಮೀಟರ್. ಬಿಲ್ಲಿನ ಹಿಂಬದಿಯಲ್ಲಿದ್ದ ಲೆಕ್ಕದಲ್ಲಿ 2.83ರಿಂದ ಗುಣಿಸಿದ್ದರು. ಹಳೇ ಮೀಟರ್ ನೂರು ಘನ ಅಡಿಗಳಲ್ಲಿ ಎಣಿಸುತ್ತೆ, ಅದಕ್ಕೆ ಮಾತ್ರ ಆ 2.83 ಬೇಕು. ಹೊಸ ಮೀಟರ್‌ಗೆ ಬೇಡ. ಅಂದರೆ ಮನೆಯಲ್ಲಿ ಹೊಸ ಮೀಟರ್, ಅವರ ದಾಖಲೆಯಲ್ಲಿ ಹಳೇ ಮೀಟರ್. ಸರಿಯಾದ ಲೆಕ್ಕ ಹೀಗೆ: 60ನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲಿ ಕೊಟ್ಟಿರೋ ಕ್ಯಾಲೊರಿಫಿಕ್ ವ್ಯಾಲ್ಯೂದಿಂದ, ಅಂದರೆ ಆ ಗ್ಯಾಸ್ ಉರಿದಾಗ ಎಷ್ಟು ಶಾಖ ಬರುತ್ತೆ ಅನ್ನೋ ಅಂಕಿಯಿಂದ ಗುಣಿಸಿ (ನಮ್ಮದರಲ್ಲಿ 39.5 ಇತ್ತು), 3.6ರಿಂದ ಭಾಗಿಸಿ. 673 ಯೂನಿಟ್ ಬರುತ್ತೆ. ಮೂರು ಪಟ್ಟಿಗೆ ಹತ್ತಿರ ಕೇಳಿದ್ದರು.

ಮೀಟರ್ ಫೋಟೋ, ಲೆಕ್ಕ ಎರಡನ್ನೂ ಕಳಿಸಿದೆ. ಮೂರು ಸಲ ಬೇರೆ ಬೇರೆಯವರಿಗೆ ಮೊದಲಿಂದ ವಿವರಿಸಬೇಕಾಯಿತು. 8 ವಾರದಲ್ಲಿ ಬಗೆಹರಿಯದಿದ್ದರೆ ಇಂಥ ದೂರು ವಿಚಾರಿಸೋ ಎನರ್ಜಿ ಓಂಬಡ್ಸ್‌ಮನ್‌ಗೆ ಹೋಗಬಹುದು, ಹಾಗೆ ಹೋಗುತ್ತೇನೆ ಅಂತ ಬರೆದೆ. ಏಳನೇ ವಾರದಲ್ಲಿ ಬಿಲ್ ಸರಿ ಮಾಡಿದರು. ಇಷ್ಟು ಲೆಕ್ಕ ಹಾಕೋಕೆ ಬಾರದ ವಯಸ್ಸಾದವರ ಮನೆಯಲ್ಲಿ ಹೀಗಾದರೆ ಅವರು ಸುಮ್ಮನೆ ಕಟ್ಟಿಬಿಡುತ್ತಾರೆ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಿಮ್ಮ ಮೀಟರ್ ಬದಲಾಗಿದ್ದರೆ, ಕಂಪನಿ ಬದಲಿಸಿದ ಮೇಲೆ ಬರೋ ಮೊದಲ ಗ್ಯಾಸ್ ಬಿಲ್ಲಿನ ಹಿಂಬದಿ ದಯವಿಟ್ಟು ಓದಿ.

ಉಳಿದ ಸಣ್ಣ ವಿಷಯಗಳು. ಒಪ್ಪಿದ ಮೇಲೆ ಮನಸ್ಸು ಬದಲಾದರೆ 14 ದಿನದೊಳಗೆ ಬೇಡ ಅನ್ನಬಹುದು. ಬಾಡಿಗೆ ಮನೆಯಾದರೂ ಬಿಲ್ ನಿಮ್ಮ ಹೆಸರಲ್ಲಿದ್ದರೆ ಕಂಪನಿ ಆರಿಸೋ ಹಕ್ಕು ನಿಮ್ಮದೇ, ಆದರೂ ಮನೆ ಮಾಲೀಕರಿಗೆ ಒಂದು ಮಾತು ತಿಳಿಸಿ. ಹೊಸ ಕಂಪನಿಗೆ ಸೇರುವ ದಿನ ಎರಡೂ ಮೀಟರ್‌ಗಳ ಫೋಟೋ ತೆಗೆದಿಡಿ, ಸ್ಮಾರ್ಟ್ ಮೀಟರ್ ಇದ್ದರೂ. ಹಳೇ ಕಂಪನಿ ಕೊನೆಯ ಬಿಲ್ಲನ್ನು 6 ವಾರದೊಳಗೆ ಕೊಡಬೇಕು. ಅದು ಬಂದು ಲೆಕ್ಕ ಮುಗಿಯೋವರೆಗೆ ಡೈರೆಕ್ಟ್ ಡೆಬಿಟ್ ನೀವಾಗಿ ರದ್ದು ಮಾಡಬೇಡಿ, ಬಾಕಿ ದುಡ್ಡು ವಾಪಸ್ ಬರೋದು ಸಾಮಾನ್ಯವಾಗಿ ಅದೇ ಖಾತೆಗೆ.

ಫಿಕ್ಸ್ಡ್ ಟ್ಯಾರಿಫ್ ನಡುವೆ ಬಿಟ್ಟರೆ ಎಕ್ಸಿಟ್ ಫೀ ಇರಬಹುದು, ಆದರೆ ಕೊನೆಯ 49 ದಿನದಲ್ಲಿ ಅದನ್ನು ಕೇಳುವಂತಿಲ್ಲ. ನಮ್ಮ ಈಗಿನದು 2026ರ ಮಾರ್ಚ್ 31ಕ್ಕೆ ಮುಗಿಯುತ್ತೆ. ಹಿಂದಕ್ಕೆ ಎಣಿಸಿದರೆ ಫೆಬ್ರವರಿ 10. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ, ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ನಮ್ಮ ಎರಡು ಅಂಕಿ ಬರೆದಿಟ್ಟಿದ್ದೇನೆ: 1,900 ಮತ್ತು 8,600.