ಅರ್ಜಿ ಹಾಕಿದ ರಸೀದಿ ಅನುಮತಿ ಪತ್ರ ಅಲ್ಲ: ಮನೆ ಮುಂದಿನ ಹೊಂಗೆ ಮರದ ವಿಷಯದಲ್ಲಿ ನಾನು ಕೆಟ್ಟಿದ್ದು

ಮಳೆಗಾಲಕ್ಕೆ ಮುಂಚೆ ಯಾರಾದರೂ ಬಂದು, "ನಿಮ್ಮ ಮನೆ ಮುಂದಿನ ಮರದ ಕೊಂಬೆ ತೆಗೆದುಕೊಡ್ತೀವಿ" ಅಂದರೆ ಬಾಗಿಲು ತೆಗೆಯುವ ಮೊದಲು ಇದನ್ನು ಓದಿ. ನನ್ನ ದುಡ್ಡು ಹೋಯಿತು, ಅರ್ಧ ಮರ ಹೋಯಿತು, ಕೊನೆಗೆ ಮಹಜರಿಗೆ ಸಹಿ ಹಾಕಿ ತಪ್ಪಿತಸ್ಥ ಆದವನೂ ನಾನೇ.

ನಮ್ಮದು ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು ಬೇಡ, ಎಲ್ಲ ಕಡೆಯೂ ಇದೇ ಕಥೆ ಇರಬಹುದು. ಗೇಟಿನ ಪಕ್ಕ ಫುಟ್‌ಪಾತ್ ಮೇಲೆ ಒಂದು ಹೊಂಗೆ ಮರ. ನಾವು ಈ ಮನೆಗೆ ಬರುವ ಮೊದಲೇ ಇತ್ತು. ಯುಗಾದಿ ಹೊತ್ತಿಗೆ ಚಿಗುರಿ ಹೂ ಬಿಟ್ಟರೆ ಬೆಳಿಗ್ಗೆ ಗೇಟಿನ ಮುಂದೆ ಅರಳು ಚೆಲ್ಲಿದ ಹಾಗೆ ಇರುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಅದರ ಕೆಳಗೆ ಸ್ಕೂಟರ್ ನಿಲ್ಲಿಸಲು ಬೀದಿಯವರೆಲ್ಲ ಪೈಪೋಟಿ.

ಎರಡು ವರ್ಷದ ಹಿಂದೆ ಹೊಸ ಚರಂಡಿ ಮಾಡಿದರು. ಮಾಡಿದವರು ಮರದ ಬುಡಕ್ಕೆ ಅಂಟಿಸಿಯೇ ಕಾಂಕ್ರೀಟ್ ಸುರಿದರು. ಒಂದು ತಂಬಿಗೆ ನೀರು ಇಳಿಯಲೂ ಜಾಗ ಬಿಡಲಿಲ್ಲ. ಆಗ ನಾನೂ ಸುಮ್ನೆ ನೋಡಿಕೊಂಡಿದ್ದೆ, ಕೆಸರು ತಪ್ಪಿತಲ್ಲ ಅಂತ ಖುಷಿಯೇ ಆಗಿತ್ತು. ಮುಂದಿನ ಬೇಸಿಗೆಗೆ ರಸ್ತೆ ಕಡೆಯ ಒಂದು ಕೊಂಬೆ ಒಣಗಿತು. ಕೈತೋಳಿನಷ್ಟು ದಪ್ಪ, ಕರೆಂಟ್ ತಂತಿಯ ಮೇಲೆ ಚಾಚಿಕೊಂಡಿತ್ತು. ಮಕ್ಕಳು ಅದರ ಕೆಳಗೇ ಆಡುತ್ತಾರೆ. ತೆಗೆಸಲೇಬೇಕು ಅನ್ನಿಸಿತು.

ಆಮೇಲೆ ಶುರುವಾಯಿತು ಸುತ್ತಾಟ. ನಗರಸಭೆಗೆ ಹೋದೆ. "ಇದು ಅರಣ್ಯ ಇಲಾಖೆಗೆ ಬರುತ್ತೆ" ಅಂದರು. ಅರಣ್ಯ ಇಲಾಖೆಯಲ್ಲಿ, "ತಂತಿ ಮೇಲಿದೆಯಲ್ಲ, ಕೆಇಬಿಯವರನ್ನು ಕೇಳಿ" ಅಂದರು. ಕೆಇಬಿಯವರು, "ಮರ ನಗರಸಭೆಯದು, ಅವರು ಪತ್ರ ಕೊಟ್ಟರೆ ಲೈನ್ ಆಫ್ ಮಾಡ್ತೀವಿ" ಅಂದರು. ಮೂರನೇ ಸಲ ಹೋದಾಗ ನಗರಸಭೆಯ ಗುಮಾಸ್ತರೊಬ್ಬರು ಕನಿಕರ ಪಟ್ಟು ಅರ್ಜಿ ತೆಗೆದುಕೊಂಡು ಸೀಲ್ ಹಾಕಿದ ರಸೀದಿ ಕೊಟ್ಟರು. ಆ ರಸೀದಿಯನ್ನು ಫ್ರಿಜ್ ಮೇಲೆ ಇಟ್ಟೆ.

ಹತ್ತು ದಿನ ಆಗಿತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಬೆಲ್ ಆಯಿತು. ಖಾಕಿ ಪ್ಯಾಂಟ್, ಮೇಲೆ ಮಿನುಗುವ ಹಸಿರು ಜಾಕೆಟ್, ಕೈಯಲ್ಲಿ ಪಟ್ಟಿ. "ಸಾರ್, ಮರದ ಕಂಪ್ಲೇಂಟ್ ಕೊಟ್ಟಿದ್ರಲ್ಲ, ಆಫೀಸಿಂದ ಬಂದಿದ್ದೀವಿ." ನನ್ನ ಹೆಸರು, ಮನೆ ನಂಬರ್ ಎರಡೂ ಸರಿಯಾಗಿ ಹೇಳಿದ. ಅವನಿಗೆ ಅದು ಹೇಗೆ ಗೊತ್ತಾಯಿತು ಅಂತ ಆಗ ಯೋಚಿಸಲೇ ಇಲ್ಲ. ನಾಲ್ಕು ಆಳು, ಒಂದು ಪವರ್ ಗರಗಸ, ಹಿಂದೆ ಒಂದು ಖಾಲಿ ಟೆಂಪೊ. ಒಂದು ಒಣ ಕೊಂಬೆಗೆ ಟೆಂಪೊ ಯಾಕೆ? ಅದನ್ನೂ ಕೇಳಲಿಲ್ಲ.

"ಪರ್ಮಿಷನ್ ಆಗಿದೆಯಾ?" ಅಂತ ಮಾತ್ರ ಕೇಳಿದೆ.

"ಅರ್ಜಿ ಕೊಟ್ಟು ರಸೀದಿ ತಗೊಂಡಿದ್ದೀರಲ್ಲ ಸಾರ್, ಅದೇ ಪರ್ಮಿಷನ್. ಆಳಿನ ಖರ್ಚು ಮಾತ್ರ ನಿಮ್ಮದು."

4,500 ಕೇಳಿದ. ಚೌಕಾಸಿ ಮಾಡಿ 3,500ಕ್ಕೆ ಇಳಿಸಿದೆ. ಇಳಿಸಿದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ ನೋಡಿ, ಅದು ಇನ್ನೂ ನಾಚಿಕೆ. ತರಕಾರಿ ತಂದುಬಿಡೋಣ ಅಂತ ಹೊರಟೆ. ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಬೀದಿ ತಿರುವಿನಲ್ಲೇ ಏನೋ ಕೆಟ್ಟಿದೆ ಅಂತ ಗೊತ್ತಾಯಿತು. ಮನೆಯ ಮೇಲೆ ಅಷ್ಟು ಬಿಸಿಲು ಬಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮನೆ ಕಡೆಯ ಮೂರು ದಪ್ಪ ಹಸಿ ಕೊಂಬೆಗಳು ಬುಡದಿಂದಲೇ ಹೋಗಿದ್ದವು. ನೆತ್ತಿಯನ್ನೂ ಬೋಳಿಸಿದ್ದರು. ಒಂದು ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕೊಯ್ದಿದ್ದರಿಂದ ಅದು ಬೀಳುವಾಗ ಕಾಂಡದ ತೊಗಟೆಯನ್ನು ಒಂದು ಮೊಳ ಸೀಳಿಕೊಂಡು ಹೋಗಿತ್ತು. ಕಾಗೆಗಳು ಕೂಗುತ್ತಾ ಸುತ್ತುತ್ತಿದ್ದವು. ಅವುಗಳ ಗೂಡು ಚರಂಡಿಯಲ್ಲಿ ಬಿದ್ದಿತ್ತು. ಟೆಂಪೊ ತುಂಬಿ ಹೊರಟೇ ಹೋಗಿತ್ತು.

ಒಣ ಕೊಂಬೆ? ಅದು ಇದ್ದಲ್ಲೇ ಇತ್ತು.

"ಅದು ತಂತಿ ಮೇಲಿದೆಯಂತೆ, ಕೆಇಬಿಯವರೇ ತೆಗೀಬೇಕಂತೆ" ಅಂದಳು ಹೆಂಡತಿ. ಅವಳು ಬೇಡ ಬೇಡ ಅಂದಿದ್ದಳಂತೆ. "ಸಾರ್ ಹೇಳಿದ್ದಾರೆ ಅಕ್ಕಾ" ಅಂತ ನನ್ನ ಹೆಸರಿನಲ್ಲೇ ಕೊಯ್ದಿದ್ದಾರೆ. ಅವನು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಎದುರು ಮನೆಯ ಮೇಷ್ಟ್ರು ನನ್ನ ಜೊತೆ ಮಾತಾಡಲಿಲ್ಲ. ಫೋಟೊ ತೆಗೆದು ನೇರ ಅರಣ್ಯ ಇಲಾಖೆಗೆ ದೂರು ಕೊಟ್ಟರು. ಆಗ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಅವರು ಮಾಡಿದ್ದೇ ಸರಿ. ಮೂರನೇ ದಿನ ಇಲಾಖೆಯವರು ಬಂದರು. ಟೇಪ್ ಹಿಡಿದು ಕೊಯ್ದ ಜಾಗದ ಸುತ್ತಳತೆ ತೆಗೆದರು, ಮಹಜರು ಬರೆದರು. ನಾನು ಗತ್ತಿನಿಂದ ಫ್ರಿಜ್ ಮೇಲಿನ ರಸೀದಿ ತಂದು ತೋರಿಸಿದೆ. ಅಧಿಕಾರಿ ಓದಿ, ತಿರುಗಿಸಿ ಕೊಟ್ಟು, "ಇದು ನೀವು ಕೇಳಿದ್ದಕ್ಕೆ ಸಾಕ್ಷಿ. ನಾವು ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ?" ಅಂದರು.

ಅವರಿಂದ ತಿಳಿದದ್ದನ್ನು, ಆಮೇಲೆ ನಾನೇ ಓದಿದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ ಇದೆ, 1976ರದ್ದು. ಮರ ಕಡಿಯಲು ಅನುಮತಿ ಕೊಡುವವರು ಅದರ ಪ್ರಕಾರ ನೇಮಕವಾದ ವೃಕ್ಷಾಧಿಕಾರಿ. ಬೆಂಗಳೂರಿನಲ್ಲಿ ಪಾಲಿಕೆಗೇ ಅರಣ್ಯ ವಿಭಾಗ ಇತ್ತು. ನಮ್ಮಂಥ ಊರಿನಲ್ಲಿ ಈ ಕೆಲಸ ಅರಣ್ಯ ಇಲಾಖೆಯ ಅಧಿಕಾರಿಯದು. ನಗರಸಭೆಯ ಗುಮಾಸ್ತರಾಗಲಿ, ವಾರ್ಡಿನ ಮೆಂಬರ್ ಆಗಲಿ ಬಾಯಿಮಾತಿನಲ್ಲಿ "ತೆಗೆಸಿಕೊಳ್ಳಿ" ಅಂದರೆ ಅದಕ್ಕೆ ಬೆಲೆ ಇಲ್ಲ.

ನನಗೆ ಹೊಸದಾಗಿ ಗೊತ್ತಾದದ್ದು ಇನ್ನೊಂದು. ಕಡಿಯುವುದು ಅಂದರೆ ಬುಡಸಮೇತ ಉರುಳಿಸುವುದು ಮಾತ್ರ ಅಂತ ನಾವು ತಿಳಿದುಕೊಂಡಿದ್ದೇವೆ, ಅಲ್ವಾ? ಕಾಯ್ದೆಯಲ್ಲಿ ಹಾಗಿಲ್ಲ. ಕೊಂಬೆ ಸವರುವುದು, ನೆತ್ತಿ ಬೋಳಿಸುವುದು, ಸುತ್ತಲೂ ತೊಗಟೆ ಸುಲಿಯುವುದು, ಬುಡಕ್ಕೆ ವಿಷ ಹಾಕುವುದು, ಸುಡುವುದು, ಎಲ್ಲವೂ ಕಡಿಯುವುದರ ಲೆಕ್ಕಕ್ಕೇ ಬರುತ್ತವೆ. ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹೊಂಗೆ ಆ ಪಟ್ಟಿಯಲ್ಲಿ ಇಲ್ಲ. ರಸ್ತೆ ಅಗಲ ಮಾಡುವಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ನೋಟಿಸ್ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಇನ್ನು ಕಟ್ಟಿಗೆ. ಫುಟ್‌ಪಾತ್ ಮರದ ಕಟ್ಟಿಗೆ ನನ್ನದೂ ಅಲ್ಲ, ಕೊಯ್ದವನದೂ ಅಲ್ಲ. ಸರ್ಕಾರದ ಸ್ವತ್ತು, ಹರಾಜು ಹಾಕಿ ಮಾರಬೇಕಾದದ್ದು. ಟೆಂಪೊ ಯಾಕೆ ಬಂದಿತ್ತು ಅಂತ ಆಗ ಅರ್ಥವಾಯಿತು. ಒಣ ಕೊಂಬೆ ಸಣ್ಣದು, ತಂತಿಯ ಅಪಾಯ ಬೇರೆ. ದಪ್ಪ ಹಸಿ ಕೊಂಬೆ ತೂಕಕ್ಕೆ ಬರುತ್ತದೆ. ನಾನು ಕೊಟ್ಟ 3,500 ಅವನಿಗೆ ಮೇಲುಸಂಪಾದನೆ. ವಿಚಾರಿಸಿದಾಗ ನಗರಸಭೆಯವರು, "ಅವನು ನಮ್ಮವನಲ್ಲ, ಹಿಂದೆ ಗುತ್ತಿಗೆದಾರರ ಹತ್ತಿರ ಇದ್ದ" ಅಂತ ಕೈ ತೊಳೆದುಕೊಂಡರು. ಅರ್ಜಿಯಲ್ಲಿದ್ದ ನನ್ನ ವಿಳಾಸ ಅವನ ಕೈಗೆ ಹೇಗೆ ಹೋಯಿತು ಅಂದರೆ ಯಾರೂ ಬಾಯಿ ಬಿಡಲಿಲ್ಲ.

ದಂಡ ಕಟ್ಟಿದೆ. ಮೊತ್ತ ದೊಡ್ಡದೇನಲ್ಲ. ಬದಲಿಗೆ ಸಸಿ ನೆಟ್ಟು ಸಾಕುತ್ತೇನೆ ಅಂತ ಬರೆದುಕೊಟ್ಟೆ. ಆದರೆ ಮರಕ್ಕೆ ಆದದ್ದು ದಂಡದಿಂದ ತೀರುವುದಲ್ಲ. ಸರಿಯಾಗಿ ಕೊಯ್ಯುವವರು ದಪ್ಪ ಕೊಂಬೆಯನ್ನು ಮೂರು ಏಟಿನಲ್ಲಿ ತೆಗೆಯುತ್ತಾರಂತೆ. ಮೊದಲು ಕೆಳಗಿನಿಂದ ಸ್ವಲ್ಪ ಕಚ್ಚು, ಆಮೇಲೆ ಅದರಿಂದ ಆಚೆ ಮೇಲಿನಿಂದ ಕೊಯ್ತ, ಕೊನೆಗೆ ಉಳಿದ ಮೋಟನ್ನು ಕಾಂಡದ ಹತ್ತಿರದ ಉಬ್ಬು ಬಿಟ್ಟು ತೆಗೆಯುವುದು. ಹಾಗೆ ಮಾಡಿದರೆ ತೊಗಟೆ ಸೀಳುವುದಿಲ್ಲ, ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೋಳಿಸಿದ ಮರದಲ್ಲಿ ಬರುವ ಹೊಸ ಚಿಗುರು ನೋಡಲು ದಟ್ಟ. ಆದರೆ ಅದಕ್ಕೆ ಹಿಡಿತ ಇರುವುದಿಲ್ಲ, ದಪ್ಪವಾದ ಮೇಲೆ ಗಾಳಿಗೆ ಮುರಿಯುತ್ತದೆ. ಮಕ್ಕಳ ತಲೆ ಮೇಲೆ ಬೀಳಬಾರದು ಅಂತ ಶುರು ಮಾಡಿದ ಕೆಲಸ ಇದು.

ಕೊಂಬೆ ಒಣಗಿದ್ದು ಯಾಕಿರಬಹುದು ಅಂತ ಕೇಳಿದ್ದಕ್ಕೆ ಅಧಿಕಾರಿ ಬೂಟಿನಿಂದ ಬುಡದ ಕಾಂಕ್ರೀಟ್ ತಟ್ಟಿ ತೋರಿಸಿದರು. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶ ಮಾಡಿತ್ತು. ನಮ್ಮ ಚರಂಡಿಯವರು ಒಂದು ಗೇಣೂ ಬಿಟ್ಟಿರಲಿಲ್ಲ. ಕೊನೆಗೆ ನಾನೂ ಮೇಷ್ಟ್ರೂ ಸೇರಿ ನಗರಸಭೆಗೆ ಬರೆದು, ಎರಡು ತಿಂಗಳು ಹಿಂದೆ ಬಿದ್ದು ಒಡೆಸಿದೆವು. ಹೌದು, ಈಗ ಮಾತಾಡುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟೇ. ಅರ್ಜಿಯ ಜೊತೆ ಫೋಟೊ ಕೊಡಿ, ಯಾವ ಕೊಂಬೆ ಅಂತ ಅದರಲ್ಲೇ ಗುರುತು ಮಾಡಿ. ಕೊಯ್ಯಲು ಬಂದವರ ಹತ್ತಿರ ವೃಕ್ಷಾಧಿಕಾರಿಯ ಸಹಿ ಇರುವ ಆದೇಶ ಕೇಳಿ. ಅದರಲ್ಲಿ ನಿಮ್ಮ ಮರ, ನಿಮ್ಮ ಬೀದಿ, ಎಷ್ಟು ಕೊಯ್ಯಬೇಕು ಅಂತ ಬರೆದಿದೆಯಾ ನೋಡಿ. ಕೈಗೆ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ರಜೆ ದಿನ ಬೆಳಿಗ್ಗೆ ಖಾಲಿ ಟೆಂಪೊ ತಂದವರನ್ನು ಹೆಚ್ಚು ಅನುಮಾನಿಸಿ. ಆಫೀಸಿಗೆ ಫೋನ್ ಮಾಡಿ ಕೇಳೋಣ ಅಂದರೆ ಅವತ್ತು ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಕೊಯ್ಯುವಾಗ ಅಲ್ಲೇ ನಿಂತಿರಿ. ತರಕಾರಿ ಸಂಜೆ ತಂದರೂ ಆಗುತ್ತೆ.

ಒಣ ಕೊಂಬೆಯನ್ನು ಜೂನ್‌ನಲ್ಲಿ ಕೆಇಬಿಯ ಲೈನ್‌ಮನ್ ತೆಗೆದರು. ಬೀದಿಯ ಲೈನ್ ಆಫ್ ಮಾಡಿ, ಉದ್ದ ಗಳಕ್ಕೆ ಕಟ್ಟಿದ ಕೊಕ್ಕೆಯಿಂದ ಎಳೆದರು. ಹತ್ತು ನಿಮಿಷದ ಕೆಲಸ. ಟೀ ಕೊಟ್ಟರೆ ಕುಡಿದರು, ದುಡ್ಡು ಮುಟ್ಟಲಿಲ್ಲ.

ನಗರಸಭೆಗೆ ಕೊಟ್ಟ ನನ್ನ ಮೊದಲ ಅರ್ಜಿಗೆ ಉತ್ತರ ಬಂದದ್ದು ನವೆಂಬರಿನಲ್ಲಿ. "ಸ್ಥಳ ಪರಿಶೀಲಿಸಲಾಗಿ ಒಣ ಕೊಂಬೆ ಕಂಡುಬಂದಿರುವುದಿಲ್ಲ. ಅರ್ಜಿ ಮುಕ್ತಾಯಗೊಳಿಸಲಾಗಿದೆ."