ಮಕ್ಕಳ ಜತೆ ಮಲೆನಾಡಲ್ಲಿ ಸೈಕಲ್: ಲಗೇಜ್ ಕಟ್ಕೊಂಡಾ, ಕಾರು ಜತೆಗಿಟ್ಕೊಂಡಾ, ಒಂದೇ ಕಡೆ ಉಳ್ಕೊಂಡಾ?

ಹಾಸನದಿಂದ ಹೊರಟು ಸಂಸಾರ ಸಮೇತ ಸೈಕಲ್ಲಲ್ಲಿ ಮಲೆನಾಡು ಸುತ್ತೋಕೆ ಮೂರು ಬಗೆ ಇವೆ. ಲಗೇಜನ್ನೆಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಊರಿಂದ ಊರಿಗೆ ಹೋಗಬಹುದು. ಸಾಮಾನನ್ನು ಕಾರಿಗೆ ತುಂಬಿ, ಅದನ್ನು ಜತೆಗಿಟ್ಟುಕೊಂಡು ಖಾಲಿ ಸೈಕಲ್ ತುಳಿಯಬಹುದು. ಇಲ್ಲಾ, ಒಂದು ಹೋಂಸ್ಟೇಯಲ್ಲಿ ಬ್ಯಾಗು ಇಳಿಸಿ, ದಿನಾ ಒಂದೊಂದು ದಿಕ್ಕಿಗೆ ಹೋಗಿ ಸಂಜೆ ವಾಪಸ್ ಬರಬಹುದು. ಮೂರನ್ನೂ ಮಾಡಿ ನೋಡಿದ್ದೇವೆ. ನಾನು, ನಮ್ಮನೆಯವರು, ಆರನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ. ರೇಸಿನವರಲ್ಲ ನಾವು. ಏರು ಬಂದರೆ ಇಳಿದು ತಳ್ಳೋಕೆ ನಾಚಿಕೆಯಿಲ್ಲ.

ಮಕ್ಕಳಿದ್ದಾರೆ ಅಂದ ಕೂಡಲೇ ಎಲ್ಲರೂ ಹೇಳೋದು ಕಾರಿನ ದಾರಿಯನ್ನೇ. ನಮ್ಮ ಲೆಕ್ಕದಲ್ಲಿ ಮೂರರಲ್ಲಿ ಕೊನೇ ಸ್ಥಾನ ಅದಕ್ಕೇ.

ನಮ್ಮ ಸಂಸಾರದ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು. ಆ ವೇಗದಲ್ಲಿ ಯಾವ ಕಾರೂ ಹಿಂದೆ ಬರೋಕಾಗಲ್ಲ, ಬಂದರೆ ಅದರ ಹಿಂದೆ ಬಸ್ಸು, ಪಿಕಪ್ಪು ಎಲ್ಲಾ ಹಾರ್ನ್ ಹೊಡೆಯುತ್ತಾ ನಿಲ್ಲುತ್ತವೆ. ಹಾಗಾಗಿ ಕಾರು ಮುಂದೆ ಹೋಗಿ ಕಾಯಬೇಕು. ಎಸ್ಟೇಟ್ ರಸ್ತೆಗಳಲ್ಲಿ ಒಂದು ಕಡೆ ಚರಂಡಿ, ಇನ್ನೊಂದು ಕಡೆ ಬೇಲಿ, ನಿಲ್ಲಿಸೋಕೆ ಜಾಗ ಎಲ್ಲಿದೆ? ಜಾಗ ಸಿಕ್ಕಿದ ಕಡೆ ಫೋನ್ ಸಿಗ್ನಲ್ ಇರಲ್ಲ. ಕಾರು ಓಡಿಸುತ್ತಿದ್ದ ನನ್ನ ಮೈದುನ ಪಾಪ, ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ ಎಲ್ಲೋ ನಿದ್ದೆ ಹೊಡೆದಿದ್ದ.

ಅದಾದರೂ ಸಹಿಸಬಹುದು. ಮಕ್ಕಳಿಗೆ ಕಾರು ಇದೆ ಅಂತ ಗೊತ್ತಿರುತ್ತಲ್ಲ, ಅದೇ ದೊಡ್ಡ ತೊಂದರೆ. ಮೊದಲನೇ ಏರಿನಲ್ಲೇ ಮಗ ಕೇಳಿದ, "ಅಮ್ಮಾ, ಚಿಕ್ಕಪ್ಪ ಎಲ್ಲಿದಾನೆ?" ಸಿಕ್ಕ ತಕ್ಷಣ ಹತ್ತಿ ಕೂತ. ತಮ್ಮ ಎಸಿಯಲ್ಲಿ ಕೂತು ಚಿಪ್ಸ್ ತಿನ್ನೋದು ನೋಡಿ ಮಗಳೂ ಹತ್ತಿದಳು. ಆಮೇಲೆ ಗಂಡ ಹೆಂಡತಿ ಇಬ್ಬರೇ ಬೆವರು ಸುರಿಸುತ್ತಾ ತುಳಿಯೋದು. ಇದನ್ನ ಸಂಸಾರದ ಪ್ರವಾಸ ಅನ್ನೋದು ಹೇಗೆ? ಕಾರಿದೆ ಅಂತ ಸಾಮಾನೂ ಜಾಸ್ತಿಯಾಗುತ್ತೆ. ನಮ್ಮ ಡಿಕ್ಕಿಯಲ್ಲಿ ಕುಕ್ಕರ್ ಕೂಡ ಇತ್ತು! ಜ್ವರ ಬಂದರೆ, ಬಿದ್ದು ಪೆಟ್ಟಾದರೆ ಕಾರು ಬೇಕು, ನಿಜ. ಅದಕ್ಕೆ ಆಯಾ ಊರಿನ ಟ್ಯಾಕ್ಸಿಯವರ ನಂಬರ್ ಇಟ್ಟುಕೊಂಡರೆ ಸಾಕು.

ಇನ್ನು ಲಗೇಜ್ ಕಟ್ಟಿಕೊಂಡು ಹೋಗೋದು. ಇದು ಬಯಲುಸೀಮೆ ಮುಗಿದು ಮಲೆನಾಡು ಶುರುವಾಗೋ ಅಂಚಿನವರೆಗೆ ತುಂಬಾ ಚೆನ್ನಾಗಿ ನಡೆಯುತ್ತೆ. ನಾವು ಹಿಡಿದದ್ದು ಹಾಸನ, ಹಳೇಬೀಡು, ಬೇಲೂರು, ಚಿಕ್ಕಮಗಳೂರು. ಹಳೇಬೀಡಿಗೆ ಮೂವತ್ತು ಕಿ.ಮೀ. ಚಿಲ್ಲರೆ, ಅಲ್ಲಿಂದ ಬೇಲೂರಿಗೆ 16, ಬೇಲೂರಿಂದ ಚಿಕ್ಕಮಗಳೂರಿಗೆ ಸುಮಾರು 25. ಹಾಸನವೇ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಹತ್ತಿರ ಇದೆ, ಚಿಕ್ಕಮಗಳೂರು ಇರೋದು ಸುಮಾರು 1,090ರಲ್ಲಿ. ಅಂದರೆ ಇಡೀ ದಾರಿಗೆ ಒಟ್ಟಾರೆ ಏರಿಕೆ ನೂರು ಚಿಲ್ಲರೆ ಮೀಟರ್ ಅಷ್ಟೇ. ನಡುವೆ ದಿಣ್ಣೆಗಳು ಏರಿ ಇಳಿಯುತ್ತವೆ, ಆದರೆ ಯಾವುದೂ ಉಸಿರು ತೆಗೆಯುವಂಥದ್ದಲ್ಲ. ನಡುನಡುವೆ ಕೆರೆ, ಹೊಲ, ಊರಿಗೊಂದು ಟೀ ಅಂಗಡಿ. ಬೇಲೂರಲ್ಲಿ ಉಳಿಯೋಕೆ ದೇವಸ್ಥಾನದ ಹತ್ತಿರವೇ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ವೇಲಾಪುರಿ ಇದೆ. ಬೇಲೂರು, ಹಳೇಬೀಡಿನ ಹೊಯ್ಸಳರ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ರಜಾದಿನಗಳಲ್ಲಿ ಅಲ್ಲಿ ಸೈಕಲ್ ಒರಗಿಸೋಕೂ ಜಾಗ ಹುಡುಕಬೇಕು, ಹಾಗಾಗಿ ವಾರದ ನಡುವೆ ಹೋದರೆ ಒಳ್ಳೇದು.

ಭಾರದ ಲೆಕ್ಕ ಹೀಗೆ. ಆಳು, ಸೈಕಲ್ ಸೇರಿ 90 ಕೆ.ಜಿ. ಅಂದುಕೊಳ್ಳಿ. ಕ್ಯಾರಿಯರ್‌ನ ಎರಡೂ ಬದಿಗೆ 15 ಕೆ.ಜಿ. ನೇತುಹಾಕಿದರೆ, ಏರಿನಲ್ಲಿ ಆರನೇ ಒಂದು ಭಾಗ ಜಾಸ್ತಿ ಕಷ್ಟಪಡಬೇಕು. ಬೆನ್ನಿಗೆ ಬ್ಯಾಗ್ ಹಾಕಿಕೊಂಡೂ ನೋಡಿದ್ದೇನೆ, ಬೇಡವೇ ಬೇಡ. ಬೆನ್ನು ಬೆವರುತ್ತೆ, ಕತ್ತು ಹಿಡಿಯುತ್ತೆ. ಮಕ್ಕಳಿಗೆ ಅವರವರ ನೀರಿನ ಬಾಟಲಿ, ಮಳೆ ಕೋಟು ಬಿಟ್ಟು ಬೇರೇನೂ ಹೊರಿಸಬೇಡಿ.

ಗೇರಿನ ವಿಷಯದಲ್ಲಿ ಮಾತ್ರ ಜುಗ್ಗತನ ಮಾಡಬಾರದು. ಮುಂದಿನ ಹಲ್ಲುಚಕ್ರಕ್ಕೂ ಹಿಂದಿನದಕ್ಕೂ ಹಲ್ಲು ಸಮ ಇದ್ದರೆ, ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ತಿರುಗುತ್ತೆ, ಸುಮಾರು 2.1 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಲಗೇಜ್ ಇರುವಾಗ ಕಡಿದಾದ ಏರಿಗೆ ಇದಕ್ಕಿಂತ ಗಟ್ಟಿ ಗೇರ್ ಇಟ್ಟುಕೊಂಡರೆ ಮಂಡಿ ಮಾತಾಡುತ್ತೆ. ಇದಕ್ಕಿಂತ ಹಗುರವಾದದ್ದು ಇದ್ದರೆ ಇನ್ನೂ ಒಳ್ಳೇದು.

ಚಿಕ್ಕ ಮಕ್ಕಳನ್ನ ಕರೆದೊಯ್ಯೋದರಲ್ಲೂ ಎರಡು ಬಗೆ ನೋಡಿದೆವು. ಹಿಂದಿನ ಸೀಟಲ್ಲಿ ಕೂರಿಸಿಕೊಂಡರೆ ಮಗು ನಿದ್ದೆ ಮಾಡುತ್ತೆ, ತಲೆ ಒಂದು ಕಡೆ ವಾಲುತ್ತೆ, ತಿರುವಿನಲ್ಲಿ ಸೈಕಲ್ಲೂ ಅದರ ಜತೆ ವಾಲುತ್ತೆ. ನಮ್ಮ ಮಗನ ತೂಕಕ್ಕೆ ಆ ಸೀಟೂ ಆಗುತ್ತಿರಲಿಲ್ಲ. ಅವನದೇ ಸಣ್ಣ ಸೈಕಲ್ ಕೊಟ್ಟು, ಏರಿನಲ್ಲಿ ಮಾತ್ರ ಹಗ್ಗ ಕಟ್ಟಿ ಎಳೆಯೋದು ಗೆದ್ದಿತು. ಹಗ್ಗ ಅಂದರೆ ಹಗ್ಗ ಅಲ್ಲ, ಹಳೇ ಸೈಕಲ್ ಟ್ಯೂಬ್. ವಾಲ್ವ್ ಇರೋ ಭಾಗ ಕತ್ತರಿಸಿ ಬಿಸಾಕಿ, ಒಂದು ತುದಿಯನ್ನು ಅಪ್ಪನ ಸೀಟಿನ ಕೆಳಗಿನ ಕಂಬಕ್ಕೆ ಬಿಗಿಯಾಗಿ ಕಟ್ಟಬೇಕು. ಇನ್ನೊಂದು ತುದಿಗೆ ಕುಣಿಕೆ. ಅದನ್ನು ಮಗನ ಹ್ಯಾಂಡಲ್‌ನ ನಟ್ಟನಡುವಿನ ಕತ್ತಿಗೆ ಸಿಕ್ಕಿಸೋದು, ಬದಿಗೆ ಹಾಕಿದರೆ ಹ್ಯಾಂಡಲ್ ಎಳೆದುಕೊಂಡು ಬೀಳುತ್ತಾನೆ. ನೈಲಾನ್ ಹಗ್ಗ ಪ್ರತಿ ತುಳಿತಕ್ಕೂ ಜಗ್ಗುತ್ತೆ. ರಬ್ಬರ್ ಹಿಗ್ಗಿ ಹಿಗ್ಗಿ ಮೆತ್ತಗೆ ಎಳೆಯುತ್ತೆ. ಅವನೂ ತುಳಿಯುತ್ತಲೇ ಇರಬೇಕು. ಏರು ಮುಗಿದ ಕೂಡಲೇ ನಿಲ್ಲಿಸಿ ಬಿಚ್ಚಲೇಬೇಕು, ಇಳಿಜಾರಿನಲ್ಲಿ ಕಟ್ಟಿಕೊಂಡು ಹೋಗೋದು ಅಪಾಯ.

ಚಿಕ್ಕಮಗಳೂರು ದಾಟಿದ ಮೇಲೆ ಲೆಕ್ಕ ಬದಲಾಗುತ್ತೆ. ಆಲ್ದೂರು, ಮೂಡಿಗೆರೆ ಕಡೆ ಊರುಗಳ ನಡುವೆ ದೂರ ಜಾಸ್ತಿ, ತಿರುವು ಜಾಸ್ತಿ, ದಾರಿಯಲ್ಲಿ ಮಕ್ಕಳಿಗೆ ಏನಾದರೂ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಇಲ್ಲಿ ಒಂದೇ ಕಡೆ ಉಳಿಯೋದೇ ಸರಿ. ನಾವು ಮೂಡಿಗೆರೆ ಹತ್ತಿರ ಒಂದು ಹೋಂಸ್ಟೇ ಹಿಡಿದೆವು. ಲಗೇಜೂ ಇಲ್ಲ, ಹತ್ತಿ ಕೂರೋಕೆ ಕಾರೂ ಇಲ್ಲ, ಅದೇ ಮಕ್ಕಳು ಅದೇ ಥರದ ಏರನ್ನ ಹಾಡುತ್ತಾ ಹತ್ತಿದರು. ಸುಸ್ತಾದ ದಿನ ಒಬ್ಬರು ಮಕ್ಕಳ ಜತೆ ಉಳಿದು ಇನ್ನೊಬ್ಬರು ಹೋಗಿ ಬರಬಹುದು. ಒದ್ದೆ ಬಟ್ಟೆ ಒಣಗುತ್ತೆ. ಸಂಜೆ ಬರುವ ಹೊತ್ತಿಗೆ ಬಿಸಿ ಕಡುಬು, ಬೆಳಗ್ಗೆ ಅಕ್ಕಿ ರೊಟ್ಟಿ. ಊರಿಂದ ಊರಿಗೆ ಹೋಗುವ ಖುಷಿ ಇದರಲ್ಲಿ ಇಲ್ಲ, ಮಗಳು ಅದನ್ನ ಬಾಯಿಬಿಟ್ಟೇ ಹೇಳಿದಳು. "ದಿನಾ ವಾಪಸ್ ಇಲ್ಲಿಗೇ ಬರೋದಾದ್ರೆ ಟೂರ್ ಹೇಗಾಗುತ್ತೆ?" ಅಂತ. ಒಪ್ಪುವ ಮಾತೇ.

ಹೋಂಸ್ಟೇಯ ಯಜಮಾನರು ಮೊದಲ ದಿನವೇ ನಮ್ಮ ಟೈಮ್‌ಟೇಬಲ್ ತಿದ್ದಿದರು. "ಐದು ಗಂಟೆಗೆ ಹೊರಡ್ತೀರಾ? ಬೇಡಮ್ಮ. ಬೆಳಕಾಗಿ, ಜನ ಓಡಾಡೋಕೆ ಶುರು ಮಾಡಲಿ." ಮೂಡಿಗೆರೆ, ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ಓಡಾಡುತ್ತವೆ, ಅದೂ ಹೆಚ್ಚಾಗಿ ಕತ್ತಲಲ್ಲಿ, ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಸೈಕಲ್ಲಿಗೆ ಸದ್ದಿಲ್ಲ, ತಿರುವು ದಾಟಿದರೆ ಎದುರಲ್ಲೇ ಇರಬಹುದು. ಬಯಲುಸೀಮೆಯ ಸೈಕಲ್‌ನವರ ನಸುಕಿನ ಅಭ್ಯಾಸ ಇಲ್ಲಿ ಬೇಡ. ನಾವು ಎಂಟರ ಮೇಲೆ ಹೊರಟು ನಾಲ್ಕರೊಳಗೆ ಒಳಗಿರುತ್ತಿದ್ದೆವು. ಹೊರಡುವ ಮುಂಚೆ ಹೋಂಸ್ಟೇಯವರನ್ನ ಕೇಳಿಯೇ ಹೆಜ್ಜೆ. ಆನೆ ಎಲ್ಲಿದೆ ಅನ್ನೋ ಸುದ್ದಿ ಅವರ ಫೋನಿಗೆ ಬಂದಿರುತ್ತೆ.

ಎಲ್ಲಿಗೆ ಹೋಗಬಹುದು? ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬರೋದು ಮಕ್ಕಳಿಗೆ ಇಷ್ಟವಾಯಿತು. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ ಇಳಿಯೋದು ಬೇಡ, ಇಳಿದದ್ದನ್ನ ಹತ್ತಬೇಕು. ಮುಳ್ಳಯ್ಯನಗಿರಿ 1,930 ಮೀಟರ್. ಚಿಕ್ಕಮಗಳೂರಿಂದ ಎಂಟುನೂರು ಮೀಟರಿಗೂ ಜಾಸ್ತಿ ಏರಿಕೆ, ವಾರಾಂತ್ಯದಲ್ಲಿ ಕಿರಿದಾದ ರಸ್ತೆ ತುಂಬಾ ಕಾರು. ನಮ್ಮನೆಯವರು ಒಬ್ಬರೇ ಹೋಗಿ ಬಂದರು. ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ರಿಮ್ ಮುಟ್ಟೋಕಾಗದಷ್ಟು ಕಾದಿತ್ತಂತೆ, ರಬ್ಬರ್ ಸುಟ್ಟ ವಾಸನೆ ಬೇರೆ. ಅಲ್ಲಲ್ಲಿ ನಿಲ್ಲಿಸಿ ಆರಿಸದಿದ್ದರೆ ಆ ಬಿಸಿಗೆ ಟ್ಯೂಬೇ ಒಡೆಯಬಹುದು. ಡಿಸ್ಕ್ ಬ್ರೇಕ್ ಇದ್ದರೆ ರಿಮ್ ಕಾಯುವ ತಾಪತ್ರಯ ಇಲ್ಲ. ಹಾಸನದಿಂದ ಸೀದಾ ಸಕಲೇಶಪುರಕ್ಕೆ ಹೆದ್ದಾರಿಯಲ್ಲಿ 40 ಕಿ.ಮೀ. ಮಂಗಳೂರಿನ ಲಾರಿ, ಟ್ಯಾಂಕರ್ ಎಲ್ಲಾ ಅದರಲ್ಲೇ. ಮಕ್ಕಳ ಜತೆ ಸುತರಾಂ ಬೇಡ.

ಕಾಲ ನವೆಂಬರಿಂದ ಫೆಬ್ರವರಿ. ಕಾಫಿ ಕುಯ್ಲಿನ ದಿನಗಳಲ್ಲಿ ಬೆಳಗ್ಗೆ, ಸಂಜೆ ಆಳುಗಳ ಜೀಪು ಜೋರಾಗಿ ಬರುತ್ತವೆ, ಅಷ್ಟು ಎಚ್ಚರ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಮಳೆ ಬಿದ್ದು ಕಾಫಿ ಹೂ ಅರಳಿದಾಗ ಹೋದರೆ ಘಮವೇ ಬೇರೆ, ಆದರೆ ಮಧ್ಯಾಹ್ನ ಬಿಸಿಲು. ಜೂನ್ ಮೇಲೆ ಮಳೆ, ಇಂಬಳ (ಜಿಗಣೆ), ಹೋಗೋ ಮಾತೇ ಇಲ್ಲ.

ಟ್ಯೂಬ್ ಕೊಳ್ಳುವಾಗ ಬೈಕಿನದೇ ಥರದ ದಪ್ಪ ವಾಲ್ವ್ ಇರೋದನ್ನ ಆರಿಸಿ. ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲಿ ತೆಳು ವಾಲ್ವಿಗೆ ಗಾಳಿ ಹಾಕೋಕಾಗಲ್ಲ. ಮಕ್ಕಳ ಸೈಕಲ್ಲಿನ ಅಳತೆಯ ಟ್ಯೂಬನ್ನಂತೂ ಮನೆಯಿಂದಲೇ ಒಯ್ಯಬೇಕು.

ವಾಪಸ್ ಬರೋಕೆ ಬಸ್ಸು ನೋಡಿದೆವು. ಒಂದು ಸೈಕಲ್ಲಿಗೆ ಕಂಡಕ್ಟರ್ ಹೂಂ ಅನ್ನಬಹುದು, ನಾಲ್ಕಕ್ಕೆ ಮುಖ ತಿರುಗಿಸುತ್ತಾರೆ. ಮೂಡಿಗೆರೆಯಲ್ಲಿ ಒಂದು ಗೂಡ್ಸ್ ಆಟೊ ಮಾತಾಡಿ, ಸೈಕಲ್ಲುಗಳ ನಡುವೆ ಗೋಣಿಚೀಲ ಇಟ್ಟು ಕಟ್ಟಿದೆವು. ನಮ್ಮನೆಯವರು ಅದರಲ್ಲಿ ಹೊರಟರು, ನಾನು ಮಕ್ಕಳನ್ನ ಕರಕೊಂಡು ಬೇಲೂರಿನ ಬಸ್ಸು ಹತ್ತಿದೆ.